ಮೇಷ್ಟ್ರ ಲೆಕ್ಕ ತಪ್ಪೆಂದ ಗ್ರಾಫು

ಭೂಮಿ ಬಿಸಿಯಾಗುತ್ತಿರುವ ಬಗ್ಗೆ ನಡೆದ ಸಮ್ಮೇಳನದಲ್ಲಿ ಹೊಸ ಸಂಶೋಧಕರಿಗೆಂದೇ ಹತ್ತು ಹತ್ತು ನಿಮಿಷ ಇಟ್ಟಿದ್ದರು. ಅವರಲ್ಲೊಬ್ಬಳದು ಸರೋವರಗಳ ವಿಷಯ. ಆಳದ ನೀರು ಬಿಸಿಯಾಗದೆ ತಣ್ಣಗೇ ಇದೆಯೆಂದು ಹಿಂದೆ ಬರೆದವರು ಅವಳಿಗೆ ಸಂಶೋಧನೆ ಕಲಿಸಿದ ಮೇಷ್ಟ್ರೇ. ಅವಳ ಅಳತೆ ಅದನ್ನು ಸುಳ್ಳು ಮಾಡಿತ್ತು.

ಸಭಾಂಗಣದ ಬಾಗಿಲಲ್ಲೇ ಮೇಷ್ಟ್ರನ್ನು ಕೇಳಿದಳು: "ಸರ್, ಆ ಗ್ರಾಫ್ ತೆಗೆದುಬಿಡ್ಲಾ? ಎಲ್ಲರೆದುರು ನಿಮಗೆ..."

"ತೆಗೆದು ಇನ್ನೇನು ಹೇಳ್ತೀಯಮ್ಮ? ನಮಸ್ಕಾರ ಅಂದು ಇಳಿದು ಬರ್ತೀಯಾ?"

ಅವಳು ತೋರಿಸಿಯೇಬಿಟ್ಟಳು. ಮೊದಲು ಕೈ ಎತ್ತಿದವರು ಮೇಷ್ಟ್ರು.

"ಥರ್ಮಾಮೀಟರ್ ಸರಿಯಿತ್ತು ಅನ್ನೋಕೆ ಏನಾಧಾರ?"

ಎರಡು ಬೇರೆ ಬೇರೆ ಥರ್ಮಾಮೀಟರುಗಳನ್ನು ಒಟ್ಟಿಗೆ ಇಳಿಸಿ ತಾಳೆ ನೋಡಿದ್ದನ್ನು ಅವಳು ತಡವರಿಸುತ್ತಲೇ ವಿವರಿಸಿದಳು.

"ಹಾಗಾದ್ರೆ ತಪ್ಪಿದ್ದು ನಾನೇ," ಎಂದು ಮೇಷ್ಟ್ರು ಕೂತರು. ಆಮೇಲೆ ಪಕ್ಕದವರತ್ತ ಬಾಗಿ, "ನನ್ನ ಶಿಷ್ಯೆ ಕಣ್ರೀ," ಎಂದರು.