ಸೊಂಟದ ಗಂಟಿನ ಟಾರ್ಚು

ದೆಸಿದೇರಿ ಟಾರ್ಚು ಹೊತ್ತಿಸಿ, ಕಡಲೆಕಾಳಿನಷ್ಟಿದ್ದ ಕಲ್ಲನ್ನು ಅದರ ಬಾಯಿಗೆ ಹಿಡಿದ. ಹಾಡುಹಗಲು, ಆದರೂ ಮಾವಿನ ಮರದ ಕೆಳಗೆ ಕೂತಿದ್ದವರೆಲ್ಲ ಆ ಸಣ್ಣ ಬೆಳಕಿನ ಕಡೆಗೇ ಬಗ್ಗಿದರು. ಮುದುಕ ಅವಸರ ಮಾಡಲಿಲ್ಲ. ಕಲ್ಲನ್ನು ಹೊರಳಿಸಿದ, ಒಂದು ಕಣ್ಣು ಮುಚ್ಚಿದ, ಗಂಟಲು ಸರಿಮಾಡಿಕೊಂಡ. ಹಿಂದಿನಿಂದ ಕೆಟಲು ಹಿಡಿದು ಬಂದ ಸೊಸೆ ಸ್ಕೊಲಾ ಅವನ ಭುಜದ ಮೇಲಿಂದ ಒಮ್ಮೆ ಇಣುಕಿ, ಚಹಾದ ಲೋಟವನ್ನು ಅವನ ಬಲ ಮಂಡಿಯ ಪಕ್ಕ ಇಟ್ಟಳು.

"ಜೀವ ಇದೆ," ಅಂದ ದೆಸಿದೇರಿ.

ಕಲ್ಲು ತಂದವನು ತಡೆಹಿಡಿದಿದ್ದ ಉಸಿರು ಬಿಟ್ಟ. ಕೊಳ್ಳುವವರು ಅವನ ಸುತ್ತ ಜಮಾಯಿಸಿದರು.

"ನಮ್ಮಜ್ಜನ ಮೈಗೆ ವಯಸ್ಸಾಯ್ತು, ಕಣ್ಣಿಗೆ ಆಗ್ಲಿಲ್ಲ ನೋಡ್ರಪ್ಪ," ಅಂದ ಶಾಬಾನಿ. ಕಲ್ಲು ಕೊಂಡು ಪಟ್ಟಣಕ್ಕೆ ಒಯ್ಯುವವನು ಅವನು. ಮರದ ಕೆಳಗಿನ ಬಾಯಿಬಡುಕನೂ ಅವನೇ. "ಚಹಾದಕ್ಕಾ, ನಿನ್ನ ಮಾವ ಕಣ್ಮುಚ್ಚೋವಾಗ ಆ ಕಣ್ಣು ನಂಗೆ ತೆಗೆದಿಡು."

"ನಿಂಗ್ಯಾಕಣ್ಣ? ದಿನಾ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡ್ಕೊಳ್ಳೋಕೆ ಈಗಿರೋ ಕಣ್ಣೇ ಜಾಸ್ತಿ."

ಎಲ್ಲರೂ ನಕ್ಕರು. ದೆಸಿದೇರಿ ಮಾತ್ರ ನಗಲಿಲ್ಲ. "ಹೆಂಗಸಿಗೆ ಕೆಲಸ ಕಡಿಮೆಯಾದ್ರೆ ನಾಲಿಗೆ ಉದ್ದ ಆಗುತ್ತೆ. ಹೋಗು, ಒಲೆ ನೋಡು," ಅಂದ.

ಕೆಂಪು ಹರಳು ಅಗೆಯುವ ಮಹೇಂಗೆಯ ಆ ಗುಡ್ಡದ ಮೇಲೆ ಜೇಬಿನಲ್ಲಿ ಟಾರ್ಚಿಲ್ಲದ ಗಂಡಸು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಅಂಗಿ ಹರಿದಿರಬಹುದು, ಚಪ್ಪಲಿಗೆ ತಂತಿ ಕಟ್ಟಿರಬಹುದು, ಟಾರ್ಚಿನ ಸೆಲ್ಲು ಮಾತ್ರ ಹೊಸದಾಗಿರಬೇಕು. ಇನ್ನೊಬ್ಬರ ಟಾರ್ಚಿನಲ್ಲಿ ಯಾರೂ ಕಲ್ಲು ನೋಡುತ್ತಿರಲಿಲ್ಲ. ಹಳದಿ ಬೆಳಕು ಹಿಡಿದರೆ ಇಟ್ಟಿಗೆಯ ಚೂರೂ ಕೆಂಪಗೆ ನಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ದೆಸಿದೇರಿಯ ಟಾರ್ಚು ಬೆರಳುದ್ದದ್ದು. ಬೀಗದಕೈಗೆ ಉಜ್ಜಿ ಉಜ್ಜಿ ಅದರ ಕಪ್ಪು ಬಣ್ಣವೆಲ್ಲ ಹೋಗಿ ಲೋಹ ಬೆತ್ತಲಾಗಿತ್ತು. ಅವನ ಪ್ರತಿ ಅಂಗಿಯ ಎಡಜೇಬಿನ ತಳವೂ ಅದರ ಭಾರಕ್ಕೆ ಜೋತುಬಿದ್ದಿತ್ತು. ಇಗರ್ಜಿಗೆ ಹೋದರೂ ಅದು ಜೇಬಿನಲ್ಲಿ, ಮಲಗಿದರೆ ದಿಂಬಿನ ಕೆಳಗೆ. ಕೋಳಿಮೊಟ್ಟೆ ಕೊಳ್ಳುವಾಗ, ಮೇಕೆಯ ಹಲ್ಲು ನೋಡುವಾಗ, ನೆರೆಮನೆಯ ಮಗು ಮೀನಿನ ಮುಳ್ಳು ನುಂಗಿ ಅತ್ತಾಗ, ಅವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು.

ಸ್ಕೊಲಾಳ ಹತ್ತಿರವೂ ಒಂದಿತ್ತು. ಕಿರುಬೆರಳಿನಷ್ಟಿದ್ದ ಅದನ್ನು ಗಂಡ ಫೌಸ್ತಿನ್ ತಂದುಕೊಟ್ಟಿದ್ದ. ಅವನು ಗುಂಡಿ ಕುಸಿದು ಸತ್ತಮೇಲೂ ಅದನ್ನು ಅವಳು ಸೊಂಟಕ್ಕೆ ಸುತ್ತಿದ ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡೇ ಓಡಾಡುತ್ತಿದ್ದಳು. ಅಕ್ಕಿಯಲ್ಲಿ ಹುಳ ಇದೆಯೇ, ಸೌದೆಯ ಸಂದಿಯಲ್ಲಿ ಹಾವಿದೆಯೇ, ಕೆಟಲಿನ ತಳದಲ್ಲಿ ಚಹಾ ಎಷ್ಟು ಉಳಿದಿದೆ, ಎಲ್ಲಕ್ಕೂ ಅದೇ. ಕೆಟಲಿನೊಳಗೆ ಬೆಳಕು ಬಿಟ್ಟಾಗಲೆಲ್ಲ ಗಂಡಸರು ಕಿಚಾಯಿಸುತ್ತಿದ್ದರು: "ಏನಕ್ಕಾ, ತಳದಲ್ಲಿ ಕೆಂಪು ಸಿಕ್ತಾ?" ಅವಳೂ ನಗುತ್ತಿದ್ದಳು. ಕಲ್ಲಿಗೆ ಮಾತ್ರ ಆ ಟಾರ್ಚನ್ನು ಅವಳು ಹಿಡಿದಿರಲಿಲ್ಲ. ಹೆಂಗಸಿನ ಬೆಳಕು ಬಿದ್ದರೆ ಕಲ್ಲು ಮಂಜಾಗುತ್ತದೆ ಎನ್ನುವುದು ಮರದ ಕೆಳಗಿನ ಮಾತು.

ಮರದ ಕೆಳಗೆ ಇನ್ನೊಂದು ಕಟ್ಟಳೆ ಇತ್ತು. ಚಾಪೆಯ ಮೇಲೆ ಕೂತ ಹಿರಿಯ 'ಜೀವ ಇಲ್ಲ' ಅಂದರೆ ಆ ಕಲ್ಲನ್ನು ಮತ್ತೊಬ್ಬ ನೋಡುವಂತಿಲ್ಲ, ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ತಂದವನೇ ಹಿಂದೆ ತಿರುಗಿ ನೋಡದೆ ಭುಜದ ಮೇಲಿಂದ ಚರಂಡಿಗೆ ಎಸೆಯಬೇಕು. ಹಿಂದೆ ಕೆಲವರು ಒಳ್ಳೆಯ ಕಲ್ಲನ್ನು ಸತ್ತಿದೆ ಎಂದು ಹೇಳಿಸಿ, ಚಿಲ್ಲರೆಗೆ ಕೊಂಡು, ಪಟ್ಟಣದಲ್ಲಿ ಮಾರಿದ್ದರು. ಅದಕ್ಕೇ ಮಚ್ಚು ಎದ್ದಿತ್ತು, ಹೆಣ ಬಿದ್ದಿತ್ತು. ಆಮೇಲೆ ಬಂದದ್ದು ಈ ಕಟ್ಟಳೆ. ಚರಂಡಿಗೆ ಬಗ್ಗುವವನು ಕಳ್ಳನ ಸಮಾನ. ಇಷ್ಟು ದೊಡ್ಡ ಮಾತು ಆಡುವ ಚಾಪೆಗೆ ಮಾರಾಟವಾದ ಪ್ರತಿ ಕಲ್ಲಿನಿಂದಲೂ ಒಂದು ಪಾಲು ಸಲ್ಲುತ್ತಿತ್ತು. ದೆಸಿದೇರಿಯ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದ.

ಆದರೆ ದೆಸಿದೇರಿಯ ಕಣ್ಣಿಗೆ ಪೊರೆ ಬಂದಿತ್ತು. ದಾರಿ ಕಾಣುತ್ತಿತ್ತು, ಮುಖ ಕಾಣುತ್ತಿತ್ತು, ಕಲ್ಲಿನೊಳಗಿನ ಬಣ್ಣ ಮಾತ್ರ ಕಾಣುತ್ತಿರಲಿಲ್ಲ. ಯಾವ ಕಲ್ಲಿಗೆ ಬೆಳಕು ಹಿಡಿದರೂ ಹೊಳೆಯ ಕೆಸರಿನ ಹಾಗೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಅವನು ಕಲ್ಲು ಹಿಡಿದು ತೀರಾ ಹೊತ್ತು ಕೂತುಬಿಟ್ಟಾಗ ಹಿಂದೆ ನಿಂತಿದ್ದ ಸ್ಕೊಲಾ ಮೆಲ್ಲಗೆ, "ಜೀವ ಇದೆ ಮಾವ," ಅಂದಿದ್ದಳು. ಅವನು ಅದನ್ನೇ ಗಟ್ಟಿಯಾಗಿ ಹೇಳಿದ. ಕಲ್ಲು ಒಳ್ಳೆಯ ಕಡೆಗೆ ಹೋಯಿತು. ಸಂಜೆ ಮನೆಗೆ ಬಂದವನೇ ಅವಳ ಕೆನ್ನೆಗೆ ಹೊಡೆದ. ಆಮೇಲೆ ಕೈತೊಳೆದು ಊಟಕ್ಕೆ ಕೂತು ಹೇಳಿದ: "ನಾಳೆಯಿಂದ ಬಾಯಿ ಬಿಡಬೇಡ. ಜೀವ ಇದ್ರೆ ಲೋಟ ಬಲಕ್ಕಿಡು, ಇಲ್ದಿದ್ರೆ ಎಡಕ್ಕಿಡು."

ಅಷ್ಟೇ. ಆ ವಿಷಯ ಮತ್ತೆ ಅವರಿಬ್ಬರ ನಡುವೆ ಬರಲಿಲ್ಲ. ಲೋಟ ಮಾತ್ರ ಒಮ್ಮೆಯೂ ತಪ್ಪು ಕಡೆ ಇಳಿಯಲಿಲ್ಲ.

ಈಸ್ಟರ್ ಹಬ್ಬ ಮುಗಿದ ಸಂಜೆ ಉಗಾಲಿ ಮುದ್ದೆಯನ್ನು ಅವರೆಸಾರಿಗೆ ಅದ್ದುತ್ತ ದೆಸಿದೇರಿ ಹೇಳಿದ: "ಇನ್ನು ನನ್ನ ಕೈಲಾಗಲ್ಲ. ಸೋಮವಾರ ಸಂತೆ ಮುಗಿದ ಮೇಲೆ ಗಾಸ್ಪರ್‌ನನ್ನ ಚಾಪೆ ಮೇಲೆ ಕೂರಿಸ್ತೀನಿ. ಟಾರ್ಚೂ ಅವನಿಗೇ."

ಗಾಸ್ಪರ್ ಅವನ ಅಕ್ಕನ ಮಗ. ಮೋಟರ್ ಸೈಕಲ್ ಬಾಡಿಗೆಗೆ ಓಡಿಸುತ್ತಿದ್ದ. ಕಲ್ಲಿಗೂ ಅವನಿಗೂ ಇದ್ದ ಸಂಬಂಧವೆಂದರೆ ಬೆರಳಿನ ಉಂಗುರ ಒಂದೇ.

"ಅವನಿಗೆ ಕಲ್ಲು ಗೊತ್ತಾ ಮಾವ?"

"ನಿಂಗೆ ಗೊತ್ತಲ್ಲ. ಈಗ ಹೇಗಿಡ್ತೀಯೋ ಹಾಗೇ ಇಡು. ಅವನಿಗೆ ಹೇಳಿದೀನಿ."

ಸ್ಕೊಲಾ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಈ ಮಾತನ್ನು ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು. "ಹಾಗಾದ್ರೆ ನಾನೇ ಕೂತ್ರೆ ಏನಾಗುತ್ತೆ? ಲೋಟ ಇಡೋ ಕಷ್ಟನೂ ತಪ್ಪುತ್ತೆ."

ದೆಸಿದೇರಿ ಮೊದಲು ನಕ್ಕ. ಬಾಯಿತುಂಬ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ತುತ್ತು ನುಂಗಿ, ಯಾರದೋ ಮನೆಯ ಸಮಾಚಾರ ಹೇಳುವವನಂತೆ ಹೇಳಿದ: "ನೀನು ಮುಟ್ಟಿದ್ದು ಏನು ಉಳೀತು? ನನ್ನ ಮಗ ನಿನ್ನ ಕೈ ಹಿಡಿದ. ಅವನ್ನ ಗುದ್ದಲೀಲಿ ಕೆರೆದು ತೆಗೀಬೇಕಾಯ್ತು. ಇನ್ನು ಕಲ್ಲು ಮುಟ್ತೀಯಾ? ಚಹಾ ಕಾಯಿಸ್ಕೊಂಡಿರು. ಅದೂ ಬೇಡ ಅನ್ನಿಸಿದ್ರೆ ನಿನ್ನ ತವರಿಗೆ ಬಸ್ಸಿದೆ."

ಅವಳು ಪಾತ್ರೆ ಎತ್ತಿಕೊಂಡು ಹೊರಗೆ ಹೋಗಿ ಬೂದಿ ಹಾಕಿ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಒಂದು ಲೆಕ್ಕ ಕಟ್ಟಿದಳು. ಒಂದೇ ಒಂದು ಒಳ್ಳೆಯ ಕಲ್ಲು. ಅದಕ್ಕೆ ಲೋಟ ಎಡಕ್ಕೆ. ಮುದುಕ ಸತ್ತಿದೆ ಅಂತಾನೆ, ತಂದವನು ಎಸೀತಾನೆ, ತಾನು ಹೋಗಿ ಎತ್ತಿ ಎಲ್ಲರೆದುರು ತನ್ನ ಟಾರ್ಚು ಹಿಡಿಯುವುದು. ಕಲ್ಲಿನವನಿಗೆ ಕಲ್ಲು ವಾಪಸ್. ಎರಡು ಗಳಿಗೆ ಅವನ ಹೊಟ್ಟೆ ಉರಿದರೆ ಉರಿಯಲಿ. ಆಮೇಲೆ ಯಾರ ಕಣ್ಣು ಕಣ್ಣು ಎಂದು ಮರದ ಕೆಳಗಿನವರೇ ಹೇಳಲಿ.

ಸೋಮವಾರ ಗಾಸ್ಪರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾವನ ಪಕ್ಕ ಕೂತಿದ್ದ. ಬಂದವರೆಲ್ಲ ಅವನ ಬೆನ್ನು ತಟ್ಟಿದರು. "ಹೊಸ ಯಜಮಾನ್ರೆ, ಕಲ್ಲಿಗೆ ಪೆಟ್ರೋಲು ಹಾಕೋದು ಎಲ್ಲಿ ಅಂತ ಗೊತ್ತಾ?" ಅಂದ ಶಾಬಾನಿ. ಗಾಸ್ಪರ್ ಹಲ್ಲುಬಿಟ್ಟ. ಬೆಳಿಗ್ಗೆಯೆಲ್ಲ ಬಂದದ್ದು ಬರೀ ಚೂರುಪಾರು. ಸ್ಕೊಲಾ ಇದ್ದದ್ದು ಇದ್ದ ಹಾಗೆ ಲೋಟ ಇಡುತ್ತ ಹೋದಳು.

ಬಿಸಿಲು ಏರಿದ ಮೇಲೆ ಸಾಲುಮು ಬಂದ. ಅವನ ಗುಂಡಿಯಲ್ಲಿ ಏನೂ ಸಿಗದೆ ಜೊತೆಯವರೆಲ್ಲ ಬಿಟ್ಟುಹೋಗಿದ್ದರು, ಅವನೊಬ್ಬನೇ ಅಗೆಯುತ್ತಿದ್ದ. ಮೈಮೇಲೆ ಕೆಮ್ಮಣ್ಣು, ಕೆನ್ನೆ ಒಳಗೆ ಹೋಗಿತ್ತು. ಫೌಸ್ತಿನ್‌ನನ್ನು ಮಣ್ಣಿನಿಂದ ತೆಗೆದವನು ಇವನೇ. ಗುದ್ದಲಿ ತಾಗೀತು ಎಂದು ಕೊನೆಯ ಮೊಳವನ್ನು ಬರಿಗೈಯಲ್ಲಿ ಬಗೆದಿದ್ದ. ಸ್ಕೊಲಾ ಕೇಳದೆಯೇ ಅವನ ಕೈಗೆ ಒಂದು ಲೋಟ ಚಹಾ ಕೊಟ್ಟಳು. ಅವನು ಅದನ್ನು ಮುಟ್ಟದೆ ಪಕ್ಕದಲ್ಲಿಟ್ಟು, ಯಾರಿಗೂ ಕಾಣದಿರಲೆಂದು ಬಾಯೊಳಗಿಟ್ಟಿದ್ದ ಕಲ್ಲು ತೆಗೆದು ಅಂಗೈಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಮುದುಕನಿಗೆ ಕೊಟ್ಟ.

"ನೋಡಿ ಅಜ್ಜ. ನಾನು ಬೆಳಕು ಹಿಡಿದಿಲ್ಲ. ಧೈರ್ಯ ಬರಲಿಲ್ಲ."

ದೆಸಿದೇರಿ ಟಾರ್ಚು ಹೊತ್ತಿಸಿದ. ಸ್ಕೊಲಾ ಭುಜದ ಮೇಲಿಂದ ಇಣುಕಿದಳು. ಒಲೆಯ ಕೆಂಡಕ್ಕೆ ಊದಿದಾಗ ಏಳುವಂಥ ಬಣ್ಣ, ಅಂಚಿನಿಂದ ಅಂಚಿನವರೆಗೆ, ಒಂದು ಗೆರೆಯೂ ಇಲ್ಲ. ಇಷ್ಟು ದಿನದಲ್ಲಿ ಇಂಥದ್ದನ್ನು ಅವಳು ನೋಡಿರಲಿಲ್ಲ. ಈ ಕಲ್ಲು ಬೇರೆಯವನದಾಗಿದ್ದರೆ, ಎಂದು ಒಮ್ಮೆ ಅನ್ನಿಸಿತು. ಗಾಸ್ಪರ್ ಅವಳ ಕೈಯ ಲೋಟವನ್ನೇ ನೋಡುತ್ತ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗನ ಹಾಗೆ ಕುತ್ತಿಗೆ ಉದ್ದ ಮಾಡಿದ್ದ. ಅವಳು ಲೋಟವನ್ನು ಎಡಕ್ಕಿಟ್ಟಳು.

"ಜೀವ ಇಲ್ಲ," ಅಂದ ದೆಸಿದೇರಿ.

ಸಾಲುಮು ಕಲ್ಲು ಇಸಿದುಕೊಂಡ, ತಿರುಗದೆ ಭುಜದ ಮೇಲಿಂದ ಎಸೆದ. ಎಸೆಯುವ ಕೈಯಲ್ಲಿ ಇಷ್ಟು ದಿನದ ಸಿಟ್ಟೆಲ್ಲ ಇತ್ತು. ಚರಂಡಿಯ ಕಲ್ಲಿನ ಅಂಚಿಗೆ ಬಡಿದು ಅದು ಠಣ್ ಎಂದಿತು.

ಆ ಸದ್ದು ಸ್ಕೊಲಾಳ ಲೆಕ್ಕದಲ್ಲಿ ಇರಲಿಲ್ಲ. ಅವಳು ಕೆಟಲು ಕೆಳಗಿಟ್ಟು ಓಡಿದಳು. ಚಹಾದ ಚರಟದಲ್ಲಿ ಕೈಯಾಡಿಸಿ ಕಲ್ಲು ಹುಡುಕಿ, ಸೊಂಟದ ಗಂಟು ಬಿಚ್ಚಿ ಟಾರ್ಚು ತೆಗೆದು ಹಿಡಿದಳು. ಬಣ್ಣ ಹಾಗೇ ಇತ್ತು. ಅದರ ನಡುವೆ ಒಂದು ಬಿಳಿ ಬಿರುಕು, ಮೇಲಿನಿಂದ ಕೆಳಗಿನವರೆಗೆ, ಈಗತಾನೇ ಬಿದ್ದದ್ದು.

"ಏನಕ್ಕಾ ಅದು, ಚರಂಡೀಲಿ?" ಶಾಬಾನಿಯ ದನಿಯಲ್ಲಿ ಈ ಸಲ ತಮಾಷೆ ಇರಲಿಲ್ಲ.

ಇನ್ನು ಹಿಂದೆ ಹೋಗುವ ಹಾಗಿರಲಿಲ್ಲ. ಅವಳು ಬಂದು ಎಲ್ಲರ ನಡುವೆ ನಿಂತು ಕಲ್ಲಿಗೆ ಬೆಳಕು ಹಿಡಿದಳು. "ಜೀವ ಇದೆ. ನೋಡಿ. ನಮ್ಮ ಮಾವನಿಗೆ ಕಣ್ಣು ಕಾಣಲ್ಲ, ಇಂಥದ್ದನ್ನ ಎಸೆಸಿಬಿಟ್ರು."

ಒಬ್ಬೊಬ್ಬರೇ ಎದ್ದು ಬಂದರು. ಬೆಳಕು ಅವಳ ಬೆರಳುಗಳನ್ನೆಲ್ಲ ಕೆಂಪು ಮಾಡಿತ್ತು. ಶಾಬಾನಿ ಬಗ್ಗಿ ನೋಡಿ ಮೆಲ್ಲಗೆ, "ಇದು ಬಿರುಕಿಲ್ದೆ ಇದ್ದಿದ್ರೆ…" ಅಂದವನು ಸಾಲುಮುವಿನ ಮುಖ ನೋಡಿ ಹಿಂದೆ ಸರಿದ. ಆಮೇಲೆ ಎಲ್ಲರೂ ಮುದುಕನ ಕಡೆ ತಿರುಗಿದರು.

ದೆಸಿದೇರಿ ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡ. ಎಡ ಮಂಡಿಯ ಪಕ್ಕ ಕೈಯಾಡಿಸಿ ಲೋಟ ಹುಡುಕಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇದು ಎಲ್ಲಿತ್ತು, ನೋಡಿದ್ರಾ?"

"ಮಾವ, ಬೇಡ," ಅಂದ ಗಾಸ್ಪರ್, ಅವನ ತೋಳು ಹಿಡಿದು.

"ಕೈ ಬಿಡೋ. ನನ್ನ ಎಡಕ್ಕಿತ್ತು. ನಂಗೆ ಕಣ್ಣು ಕಾಣಲ್ಲ ಅಂದಳಲ್ಲ, ನಿಜ. ವರ್ಷ ಆಯ್ತು. ನಿಮ್ಮ ಕಲ್ಲೆಲ್ಲ ನೋಡಿದ್ದು ಇವಳು. ಜೀವ ಇದ್ರೆ ಲೋಟ ಬಲಕ್ಕೆ, ಇಲ್ದಿದ್ರೆ ಎಡಕ್ಕೆ. ಒಂದು ದಿನ ತಪ್ಪಲಿಲ್ಲ ಇವಳು. ಇವತ್ತೂ ತಪ್ಪಿಲ್ಲ." ಅವನು ಲೋಟವನ್ನು ಕೆಳಗಿಟ್ಟ. "ನನ್ನ ಬೀಳಿಸೋಕೆ ನಿನ್ನ ಕಲ್ಲು ಒಡೆಸಿದಾಳೆ, ಸಾಲುಮು. ಚಾಪೆ ಬೇಕಂತೆ ಇವಳಿಗೆ."

ಹೇಳಿ ಮುಗಿಸುವಾಗ ಮುದುಕನ ಮುಖದಲ್ಲಿ ಒಂದು ಥರದ ಹಿಗ್ಗಿತ್ತು. ಅವನು ಚಾಪೆಯಿಂದ ತಾನೇ ಎದ್ದು ಪಕ್ಕದ ಮಣ್ಣಿನ ಮೇಲೆ ಕೂತ. ಗಾಸ್ಪರ್ ಎದ್ದು ಪ್ಯಾಂಟಿನ ಧೂಳು ಕೊಡವಿ, ಮೋಟರ್ ಸೈಕಲ್ ನಿಲ್ಲಿಸಿದ್ದ ಕಡೆಗೆ ಹೋದ.

ಸಾಲುಮು ಅವಳೆದುರು ಬಂದು ನಿಂತ. "ಅಕ್ಕ, ನಿಂಗೊತ್ತಿತ್ತಾ?"

"ವಾಪಸ್ ಕೊಡೋಳಿದ್ದೆ ಕಣೋ. ನಿಂದು ನಿಂಗೇ ಕೊಡೋಳಿದ್ದೆ."

"ಗೊತ್ತಿತ್ತಾ ಅಂತ ಕೇಳಿದೆ."

ಅವಳು ಟಾರ್ಚು ಆರಿಸಿದಳು. ಅವನು ಅಂಗೈ ಚಾಚಿದ. ಅವಳು ಕಲ್ಲು ಇಟ್ಟಾಗ ಅದು ಬಿರುಕಿನಲ್ಲಿ ಕಳಚಿ ಎರಡಾಗಿ ಬಿತ್ತು. ಅವನು ಎರಡನ್ನೂ ಬೆರಳಿನಿಂದ ಸರಿಸಿ ನೋಡಿ, ಮತ್ತೆ ಸೇರಿಸಿ ಒಂದು ಮಾಡಲು ನೋಡಿ, ಆಮೇಲೆ ಮುಷ್ಟಿ ಮುಚ್ಚಿದ.

ಮೊದಲು ಶಾಬಾನಿ ತನ್ನ ಲೋಟದ ಚಹಾವನ್ನು ಮಣ್ಣಿಗೆ ಚೆಲ್ಲಿದ. ಲೋಟವನ್ನು ಕವುಚಿ ಅವಳ ಒಲೆಯ ಮುಂದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಯಾರೂ ಬೈಯಲಿಲ್ಲ, ಯಾರೂ ಅವಳ ಮುಖ ನೋಡಲಿಲ್ಲ. ಒಲೆಯ ಮುಂದೆ ಕವುಚಿದ ಲೋಟಗಳ ಸಾಲು ಬೆಳೆಯಿತು. ಮಣ್ಣಿನ ಮೇಲೆ ಚಹಾ ಹರಿದು ಅವಳ ಪಾದದ ಹತ್ತಿರ ನಿಂತಿತು.

ಕೊನೆಗೆ ಉಳಿದದ್ದು ಸಾಲುಮುವಿನ ಲೋಟ. ಅವನು ಮುಷ್ಟಿ ಬಿಚ್ಚದೆಯೇ ಇನ್ನೊಂದು ಕೈಯಲ್ಲಿ ಅದನ್ನು ಎತ್ತಿಕೊಂಡ. ಹಿಂದಿನ ದಿನದಿಂದ ಅವನು ಏನೂ ತಿಂದಿರಲಿಲ್ಲ. ನಿಂತಲ್ಲೇ ನಿಂತು, ಆರಿ ಕೆನೆಗಟ್ಟಿದ್ದ ಚಹಾವನ್ನು ಗುಟುಕು ಗುಟುಕಾಗಿ ಕುಡಿದ. ತಳದಲ್ಲಿ ಉಳಿದ ಸಕ್ಕರೆಯನ್ನೂ ಬೆರಳಿನಿಂದ ತೆಗೆದು ನೆಕ್ಕಿದ. ಆಮೇಲೆ ಲೋಟವನ್ನು ಅಂಗಿಯ ತುದಿಯಿಂದ ಒರೆಸಿ, ಸಾಲಿನ ಕೊನೆಯಲ್ಲಿ ಕವುಚಿಟ್ಟ.