ಎಡಗಡೆಯ ಸವಾರಿ

ಗಂಡನ ಎಡಗಣ್ಣಿಗೆ ಏನೂ ಕಾಣುವುದಿಲ್ಲವೆಂದು ಗಂಗಲಕ್ಷ್ಮಿಗೆ ದೀಪಾವಳಿ ಕಳೆದ ಮೇಲೆ ಗೊತ್ತಾಗಿತ್ತು. ಊಟಕ್ಕೆ ಕೂತ ರಾಜಣ್ಣನ ಎಡಕ್ಕೆ ಚೊಂಬು ಇಟ್ಟರೆ ‘ನೀರೆಲ್ಲೇ’ ಎಂದು ಗದರುತ್ತಿದ್ದ. ಒಂದು ದಿನ ಅನುಮಾನ ತಡೆಯಲಾರದೆ ಅವಳು ಎಡಗಡೆಯಿಂದ ಕೈಯನ್ನು ಅವನ ಕೆನ್ನೆಯ ಹತ್ತಿರಕ್ಕೇ ಒಯ್ದಳು. ರೆಪ್ಪೆ ಅಲುಗಲಿಲ್ಲ.

ಅವತ್ತಿನಿಂದ ಅವಳಿಗೆ ನೆಮ್ಮದಿಯಿಲ್ಲ. ಕೇಳಿಯೇಬಿಡಬೇಕು ಎಂದು ಬಾಯಿ ತೆರೆಯುವಳು, ತಾನೇ ತಪ್ಪು ತಿಳಿದಿದ್ದರೆ ಎಂದು ಮುಚ್ಚುವಳು. ಹುಳಿಯಾರಿನ ಬಸ್ ಸ್ಟ್ಯಾಂಡಿನಲ್ಲಿ ಜಟಕಾ ಹೊಡೆದು ಬದುಕುವವನಿಗೆ ಒಂದು ಕಣ್ಣಿಲ್ಲವೆಂದು ಒಬ್ಬರಿಗೆ ತಿಳಿದರೆ ಸಾಕು, ಮಾರನೆಯ ದಿನ ಗಾಡಿ ಹತ್ತುವವರು ಯಾರು? ಮೊದಲೇ ಊರಿಗೆ ಆಟೋಗಳು ಬಂದಿದ್ದವು. ಅದಕ್ಕೇ ಅವನು ಹೇಳಿರಲಿಲ್ಲ, ಅದಕ್ಕೇ ಅವಳು ಕೇಳಿರಲಿಲ್ಲ.

ಈಗ ಹಂದನಕೆರೆ ದಾರಿಯ ಬಯಲಿನಲ್ಲಿ ನಿಂತಾಗ ಆ ಸುಮ್ಮನಿದ್ದ ತಪ್ಪೆಲ್ಲ ಒಟ್ಟಿಗೆ ಎದೆಗೆ ಬಂದು ಕೂತಿತ್ತು. ರಾಗಿ ಕಣ ಮುಗಿದ ಮೇಲೆ ಸುತ್ತಲಿನ ಜಟಕಾದವರು ಸೇರಿ ನಡೆಸುವ ಕುದುರೆ ಹಬ್ಬ ಅದು. ಬೆಳಗ್ಗೆ ಕುದುರೆಗಳ ಮೈ ತೊಳೆದು, ಹಣೆಗೆ ಕನ್ನಡಿ ಪಟ್ಟಿ, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಸಿದ್ದಾಯಿತು. ಮಧ್ಯಾಹ್ನ ಓಟ. ಬಯಲಿನ ಆ ತುದಿಯಲ್ಲಿ ನೆಟ್ಟ ಬಾವುಟದ ಕಂಬವನ್ನು ಎಡಕ್ಕೆ ಸುತ್ತಿ ವಾಪಸ್ಸು ಬರಬೇಕು. ಕಂಬಕ್ಕೆ ಗಾಲಿ ಉಜ್ಜುವ ಹಾಗೆ ಗಾಡಿ ತಿರುಗಿಸುವುದರಲ್ಲಿ ರಾಜಣ್ಣ ಹೆಸರುವಾಸಿ. ಆದರೆ ಆ ತಿರುವಿನಲ್ಲಿ ಒಳಮಗ್ಗುಲಿಗೆ ಇನ್ನೊಂದು ಗಾಡಿ ನುಗ್ಗಿದರೆ ಅವನಿಗೆ ಕಾಣುವುದಿಲ್ಲ. ಗಾಲಿಗೆ ಗಾಲಿ ಸಿಕ್ಕಿಕೊಂಡರೆ ಎರಡು ಕುದುರೆ, ನಾಲ್ಕು ಜನ ನೆಲಕ್ಕೆ.

ಅವಳು ಸೀದಾ ಬೋರಯ್ಯನ ಹತ್ತಿರ ಹೋದಳು. ಓಟ ನಡೆಸುವ ಹಿರಿಯ ಅವನೇ. ತೆಂಗಿನ ಮರದ ನೆರಳಿನಲ್ಲಿ ಮೈಕು ಹಿಡಿದು ಕೂತಿದ್ದ.

“ಬೋರಣ್ಣ, ನಮ್ಮನೆಯವರ...” ಎಂದಳು. ‘ನಮ್ಮನೆಯವರ’ ಎಂದು ಮರದ ಮೇಲಿನ ಸ್ಪೀಕರೂ ಕೂಗಿತು. ಬಯಲಿನ ಜನವೆಲ್ಲ ಇತ್ತ ತಿರುಗಿದರು.

“ಹೇಳವ್ವ. ನಿಮ್ಮನೆಯವರ್ದು ಏನು? ಅನೌನ್ಸ್ ಮಾಡ್ಬೇಕಾ?”

ದೂರದಲ್ಲಿ ರಾಜಣ್ಣ ತನ್ನ ಕುದುರೆ ಚಿನ್ನಿಯ ಕೊರಳು ತಟ್ಟುತ್ತ ಅವಳನ್ನೇ ನೋಡುತ್ತಿದ್ದ. ಗಾಡಿಯಲ್ಲಿ ಹೊಡೆಯುವವನ ಹಿಂದೆ ಒಬ್ಬರಾದರೂ ಸವಾರಿ ಕೂತಿರಬೇಕು, ಜನ ಹತ್ತದ ಗಾಡಿ ಜಟಕಾವೇ ಅಲ್ಲ ಎನ್ನುವುದು ಈ ಓಟದ ಕಟ್ಟುಪಾಡು. ಅದು ನೆನಪಾದದ್ದೇ ತಡ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

“ಅವರ ಗಾಡೀಲಿ ಸವಾರಿ ನಾನೇ ಕೂರ್ತೀನಿ.”

ಬಯಲಿಗೆ ಬಯಲೇ ನಕ್ಕಿತು. ಸವಾರಿಗೆಂದು ಬಂದಿದ್ದ ಸಣಕಲ ಹುಚ್ಚರಂಗಯ್ಯ, ರಾಜಣ್ಣನ ಸೋದರಮಾವ, ಟವೆಲ್ಲು ಕೊಡವಿ ಗಾಡಿಯಿಂದಿಳಿದ. “ನಂಗೇನು, ಸೊಂಟ ಉಳೀತು” ಎಂದ. ಆ ಜಾಗಕ್ಕೆ ಗಂಗಲಕ್ಷ್ಮಿ ಹತ್ತಿದಳು.

ರಾಜಣ್ಣನ ಮುಖ ಕಪ್ಪಿಟ್ಟಿತ್ತು. “ಇದೇನೇ ಹುಚ್ಚು? ನಿನ್ ತೂಕಕ್ಕೆ ಚಿನ್ನಿ ಮಂಡಿ ಊರ್ತಾಳೆ ಅಷ್ಟೆ. ಇಳಿ.”

“ಇಳಿಯಲ್ಲ ಕಣ್ರೀ.”

ಪಕ್ಕದ ಗಾಡಿಯ ಚಿತ್ತೇಶ್ ಹಲ್ಲು ಕಿರಿದ. ಅವನೂ ಅದೇ ಸ್ಟ್ಯಾಂಡಿನವನು. “ಕೂತ್ಕಳ್ಳಿ ಬುಡಣ್ಣ. ಅತ್ತಿಗೆ ಟಿಕೀಟು ತಗಂಡಿಲ್ಲ, ಅಷ್ಟೇ ತಾನೆ.”

ಓಟಕ್ಕೆಂದು ಗಾಡಿಗಳ ಮೇಲಿನ ಕಮಾನು ಬಿಚ್ಚಿದ್ದರು. ಗಂಗಲಕ್ಷ್ಮಿ ಗಂಡನ ಬೆನ್ನಿಗೆ, ಎಡಕ್ಕೆ ಒತ್ತಿ ಕೂತು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಸೀಟಿ ಊದಿದರು.

ಗಾಡಿ ನೆಗೆದ ರಭಸಕ್ಕೆ ಅವಳ ಹಲ್ಲು ಕಟಕಟಿಸಿತು. ಮುಖಕ್ಕೆ ಧೂಳು, ಕಿವಿಗೆ ಗೆಜ್ಜೆ, ಜನರ ಕೇಕೆ. ಉಳಿದ ಗಾಡಿಗಳು ಹಿಂದೆ ಬಿದ್ದವು. ಚಿತ್ತೇಶನ ಬಿಳಿ ಕುದುರೆ ಮಾತ್ರ ಬಲಗಡೆ ಜೊತೆಜೊತೆಗೇ ಬರುತ್ತಿತ್ತು. ಬಲಗಡೆ ಇರುವವರೆಗೆ ಭಯವಿಲ್ಲ ಎಂದುಕೊಂಡಳು. ಬಾವುಟ ದೊಡ್ಡದಾಗುತ್ತ ಬಂತು. ಅಷ್ಟರಲ್ಲಿ ಬಿಳಿ ಕುದುರೆ ಕಾಣೆಯಾಯಿತು.

ತಿರುಗಿ ನೋಡಿದಳು. ಚಿತ್ತೇಶ್ ಒಂದಿಷ್ಟು ಹಿಂದುಳಿದು, ಇವರ ಗಾಡಿಯ ಹಿಂದಿನಿಂದ ಹಾದು, ಎಡಕ್ಕೆ ಬಂದು ಚಾಟಿ ಎತ್ತಿದ್ದ. ಕಂಬಕ್ಕೂ ಇವರ ಗಾಲಿಗೂ ನಡುವೆ ಅವನ ಕುದುರೆಯ ಮೂತಿ ನುಗ್ಗಿತು. ರಾಜಣ್ಣ ಬಲಗಡೆಯೊಮ್ಮೆ ನೋಡಿ, ಯಾರೂ ಇಲ್ಲವೆಂದು ತೃಪ್ತನಾಗಿ, ಎಡ ಲಗಾಮು ಜಗ್ಗತೊಡಗಿದ.

“ಎಡಕ್ಕೆ ಬ್ಯಾಡಿ. ಚಿತ್ತೇಶ ಅವ್ನೆ.”

“ಸುಮ್ನಿರೇ.”

ಬಿಳಿ ಕುದುರೆಯ ನೊರೆ ಅವಳ ಸೆರಗಿಗೆ ಸಿಡಿಯಿತು. ಗಂಗಲಕ್ಷ್ಮಿ ಹಲಗೆ ಬಿಟ್ಟು ಗಂಡನ ಎಡ ರಟ್ಟೆ ಹಿಡಿದಳು. ಅವನ ಕಿವಿಗೆ ಬಾಯಿಟ್ಟು ಮೆಲ್ಲಗೇ ಹೇಳಿದಳು: “ನಿಮಗೆ ಕಾಣಲ್ಲ ರೀ. ನಂಗೆ ಗೊತ್ತು. ತಡೀರಿ.”

ಅವನ ಮೈ ಒಮ್ಮೆ ಬಿಗಿಯಿತು. ಮರುಕ್ಷಣ ಎರಡೂ ಲಗಾಮು ಎದೆಗೆಳೆದುಕೊಂಡ. ಚಿನ್ನಿ ಕತ್ತು ಮೇಲೆತ್ತಿ ಬಲಕ್ಕೆ ಜಾರಿತು. ಚಿತ್ತೇಶನ ಗಾಲಿ ಇವರ ಅಚ್ಚಿನ ತುದಿಯನ್ನು ಕಿರ್ರೆಂದು ಕೆರೆದು, ಕಂಬ ಸುತ್ತಿ ಹೊರಟೇ ಹೋಯಿತು. ಹಿಂದಿದ್ದ ಗಾಡಿಗಳೂ ಒಂದೊಂದಾಗಿ ದಾಟಿದವು.

ರಾಜಣ್ಣ ಚಿನ್ನಿಯನ್ನು ನಡೆಸಿಕೊಂಡೇ ವಾಪಸ್ಸು ಬಂದ. ಮುಂದೆ ನೋಡುತ್ತಲೇ ಕೇಳಿದ: “ಯಾವತ್ತಿಂದ ಗೊತ್ತು?”

“ದೀಪಾವಳಿಯಿಂದ.”

“ಹೇಳ್ಲಿಲ್ಲ ನೀನು.”

“ನೀವೂ ಹೇಳ್ಲಿಲ್ಲ.”

“ಸವಾರಿ ಹೆದರಿದ್ದರಿಂದ ರಾಜಣ್ಣನ ಗಾಡಿ ಕೊನೇಲಿ ಬರ್ತಾ ಐತೆ” ಎಂದು ಬೋರಯ್ಯ ಮೈಕಿನಲ್ಲಿ ಸಾರುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ನಗಲಿ, ಹೆದರಿದ್ದು ನಾನೇ ಅಂತಾಗಲಿ ಎಂದು ಗಂಗಲಕ್ಷ್ಮಿ ತಲೆ ತಗ್ಗಿಸಿದಳು. ಚಿತ್ತೇಶ್ ಹೂಮಾಲೆ ಹಾಕಿಕೊಂಡೇ ಬಂದ. “ಇನ್ಮೇಲೆ ಅತ್ತಿಗೇನ ಮನೇಲಿ ಕೂಡಾಕ್ಬಿಟ್ಟು ಬಾ ಕಣಣ್ಣ” ಎಂದ.

ಅಷ್ಟರಲ್ಲಿ ಹೆಂಗಸೊಬ್ಬಳು ಕಂಕುಳಿನ ಕೂಸಿನೊಂದಿಗೆ ಗಾಡಿಯ ಹತ್ತಿರ ಬಂದಳು. “ಹುಳಿಯಾರಿಗೆ ಬತ್ತೀಯೇನಣ್ಣ? ಬಸ್ ಹೋಯ್ತು” ಎಂದು, ಉತ್ತರಕ್ಕೂ ಕಾಯದೆ ಮೆಟ್ಟಿಲ ಮೇಲೆ ಕಾಲಿಟ್ಟಳು.

ಹುಳಿಯಾರಿನ ದಾರಿ ತುಂಬ ಲಾರಿಗಳು. ರಾಜಣ್ಣ ಆ ಕೂಸನ್ನು ನೋಡಿದ, ಲಗಾಮನ್ನು ನೋಡಿದ.

“ಹತ್ಬ್ಯಾಡ ಕಣವ್ವ” ಎಂದ. “ನಂಗೆ ಎಡಗಣ್ಣು ಕಾಣಲ್ಲ.”

ಚಿತ್ತೇಶನ ನಗು ಅಲ್ಲಿಗೇ ನಿಂತಿತು. ಹೆಂಗಸು ಕಾಲು ಹಿಂತೆಗೆದಳು. ಚಿತ್ತೇಶ್ ಬಗ್ಗಿ ಇವರ ಅಚ್ಚಿನ ಮೇಲಿನ ಹೊಸ ಗೀರನ್ನು ಬೆರಳಲ್ಲಿ ಸವರಿ ನೋಡಿದ. ಆಮೇಲೆ ಕೊರಳ ಮಾಲೆ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಬಾ ತಾಯಿ, ನಾನು ಬಿಡ್ತೀನಿ” ಎಂದು ಆ ಹೆಂಗಸನ್ನು ಕರೆದುಕೊಂಡು ಹೋದ.

ದೊಡ್ಡದೊಂದು ಭಾರ ಇಳಿಯುತ್ತದೆ ಎಂದುಕೊಂಡಿದ್ದಳು ಗಂಗಲಕ್ಷ್ಮಿ. ಇಳಿಯಲಿಲ್ಲ. ನಾಳೆಯಿಂದ ಏನು ಎಂಬ ಇನ್ನೊಂದು ಬಂದು ಅದರ ಮೇಲೇ ಕೂತಿತು. ರಾಜಣ್ಣ ಆಗಲೇ ಗಾಡಿಯಿಂದಿಳಿದು, ಚಿನ್ನಿಯ ಬಾಯಿಯ ಕಡಿವಾಣ ಬಿಚ್ಚಿ, ಅದಕ್ಕೆ ನೀರೆಲ್ಲಿ ಸಿಗುತ್ತದೆಂದು ಹುಚ್ಚರಂಗಯ್ಯನನ್ನು ಕೇಳುತ್ತಿದ್ದ.