ಹಿಡಿ ಎಂದರೆ ಇಡಿ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಎರಡು ಪದ ಬಾಯಿಂದ ಹೊರಡಲಿಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನ ನಾನು ಆಡಿದ ಆಟ ನೆನೆಸಿಕೊಂಡರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನನ್ನ ಹೆಸರು ಮಂಜುಶ್ರೀ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮಂಡ್ಯದಲ್ಲಿ ಏಳು ಜನರ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಹಳ್ಳಿಯ ಹಾಲಿನ ಡೈರಿಗಳಲ್ಲಿ ಇಡುವ ಒಂದು ಪೆಟ್ಟಿಗೆಯನ್ನು ನಾವು ಮಾಡುತ್ತೇವೆ. ಹಾಲು ಪರೀಕ್ಷಿಸುವ ಯಂತ್ರ ಕೊಬ್ಬೆಷ್ಟು, ನೀರೆಷ್ಟು ಎಂದು ಅಳೆದು ತಂತಿಯಲ್ಲಿ ಕಳಿಸುತ್ತದೆ. ನಮ್ಮ ಪೆಟ್ಟಿಗೆ ಅದನ್ನು ತೆಗೆದುಕೊಂಡು ಪರದೆಯ ಮೇಲೆ ತೋರಿಸುತ್ತದೆ. ಪೆಟ್ಟಿಗೆಯೊಳಗೆ ಎಲ್ಲದರ ಬುಡದಲ್ಲಿ ಕೂತು ಮೆಮೊರಿಯನ್ನೂ ನೆಟ್‌ವರ್ಕನ್ನೂ ಹಂಚಿಕೊಡುವ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಅದು ನನ್ನ ಸುಪರ್ದಿ. ಬೇರೆಯವರು ಅಲ್ಲಿ ಏನೇ ಬರೆದರೂ ನಾನು ಓದಿ, 'ಓದಿದ್ದೇನೆ, ಸರಿಯಿದೆ' ಎಂದು ಹೆಸರು ಹಾಕಿದ ಮೇಲೇ ಅದು ಪೆಟ್ಟಿಗೆಗೆ ಹೋಗುವುದು.

ನಮ್ಮೂರ ಡೈರಿಗೂ ಒಂದು ಪೆಟ್ಟಿಗೆ ಬಂದಾಗ ನನ್ನ ಠೇಂಕಾರ ಕೇಳಬೇಡಿ. ಹಾಲು ಹಾಕಲಿಕ್ಕೆ ಅವ್ವನ ಬದಲು ನಾನೇ ಹೋಗತೊಡಗಿದೆ, ಹತ್ತು ಜನ ನೋಡಲಿ ಅಂತ. ಡೈರಿಯ ಕಾರ್ಯದರ್ಶಿ ಮರಿಸಿದ್ದಯ್ಯಣ್ಣ ಎಲ್ಲರಿಗೂ ಕೇಳುವ ಹಾಗೆ "ನಮ್ ಮಂಜಿ ಮಾಡಿರೋದು" ಎನ್ನುತ್ತಿದ್ದ. ನಾನು ಕೇಳಿಸದವಳಂತೆ ನಿಂತು ಅಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಆ ಸಾಲಿನಲ್ಲಿ ಯಾವಾಗಲೂ ಕೊನೆಗೆ ಬರುವವಳು ಬೆಳ್ಳಮ್ಮ. ನನಗೆ ವರಸೆಯಲ್ಲಿ ಅತ್ತೆ. ಅವಳ ಮನೆ ನಾಲೆಯ ಆಚೆ, ನಡೆದು ಬರುವಷ್ಟರಲ್ಲಿ ಎಲ್ಲರದ್ದೂ ಮುಗಿದಿರುತ್ತದೆ. ಮಗ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಅಪರೂಪ. ಹಾಲು ಕರೆಯುವುದು ಸೊಸೆ ಮೋಹಿನಿ, ಡೈರಿಗೆ ತರುವುದು ಬೆಳ್ಳತ್ತೆ. ಮೂವತ್ತು ವರ್ಷದಿಂದ ಡೈರಿಗೆ ಹಾಲು ಹಾಕಿದವಳು. ಮಕ್ಕಳಿಗೆ ಕುಡಿಸಲಿಕ್ಕೆ ಅಂತ ಊರಿನವರು ಅವಳ ಮನೆಯ ಹಾಲನ್ನೇ ಕೇಳಿ ಒಯ್ಯುತ್ತಿದ್ದರು. ಅಂಥವಳ ಹಾಲಿನಲ್ಲಿ ಅರ್ಧಕ್ಕರ್ಧ ನೀರಿದೆ ಎಂದು ಒಂದೇ ವಾರದಲ್ಲಿ ಮೂರು ಸಲ ಪೆಟ್ಟಿಗೆ ತೋರಿಸಿತು.

ಮೂರನೆಯ ಸಲ, ಶನಿವಾರ ಬೆಳಿಗ್ಗೆ, ನಾನು ಅಲ್ಲೇ ಇದ್ದೆ. ಬೆಳ್ಳತ್ತೆ ಹಾಲಿನಲ್ಲಿ ಬೆರಳದ್ದಿ ಎತ್ತಿ ಹಿಡಿದು, ಇದು ನೀರು ಹಾಕಿದ ಹಾಲೇನ್ಲಾ ಎಂದು ಮರಿಸಿದ್ದಯ್ಯಣ್ಣನನ್ನು ಕೇಳಿದಳು. ಕಣ್ಣಿಗೆ ಗಟ್ಟಿ ಹಾಲು, ಪರದೆಯಲ್ಲಿ ನೀರು. ಅವನಿಗೆ ಏನು ಹೇಳಬೇಕೋ ತೋಚದೆ ನನ್ನ ಕಡೆ ನೋಡಿದ. ಮನೆಗೆ ಹೊರಟಿದ್ದವರೂ ನಿಂತು ನನ್ನ ಕಡೆ ನೋಡಿದರು. ಇಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದಾರೆ ಎಂಬ ಹಿಗ್ಗಿನಲ್ಲಿ ನಾನು ಆಡಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ.

"ಪೆಟ್ಗೆ ಸುಳ್ಳೇಳಲ್ಲ ಕಣತ್ತೆ. ಮನೇಲ್ ಆಲ್ ಕರಿಯೋರ್ ಯಾರು, ಅವ್ರುನ್ ಕೇಳು."

ಬೆಳ್ಳತ್ತೆ ಮುಚ್ಚಳ ಹಾಕಿದಳು. ಕ್ಯಾನು ಎತ್ತಿಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ನಮ್ಮವ್ವ ದೇವಿರಮ್ಮ ಸುದ್ದಿ ತಂದಳು. ಬೆಳ್ಳತ್ತೆ ನೆಟ್ಟಗೆ ಕೊಟ್ಟಿಗೆಗೆ ಹೋಗಿ, ಸಗಣಿ ಬಾಚುತ್ತಿದ್ದ ಮೋಹಿನಿಗೆ ಪೊರಕೆ ತಗೊಂಡು ಬಾರಿಸಿದಳಂತೆ. ಅಕ್ಕಪಕ್ಕದವರೆಲ್ಲ ನೋಡಿದ್ದಾರೆ. ಮೋಹಿನಿ ಹಸುವಿನ ಮೈ ಮುಟ್ಟಿ ಆಣೆ ಮಾಡಿದಳಂತೆ. ಬೆಳ್ಳತ್ತೆ ಅದನ್ನೂ ಕೇಳದೆ ಮತ್ತೆರಡು ಬಿಟ್ಟಳಂತೆ. ಮೋಹಿನಿ ಕೈ ತೊಳೆದುಕೊಂಡು, ಉಟ್ಟ ಸೀರೆಯಲ್ಲೇ ತವರು ಬಂಡೂರಿಗೆ ಬಸ್ಸು ಹತ್ತಿದಳು. ಪಾಪದ ಹುಡುಗಿ, ಅವಳು ಹಂಗೆಲ್ಲ ಮಾಡೋಳಲ್ಲ ಎಂದು ಅವ್ವ ನೊಂದುಕೊಂಡಳು. ಪಾಪ ಏನು ಬಂತು, ಅವಳಲ್ಲದೆ ಇನ್ಯಾರು ಬೆರೆಸುತ್ತಾರೆ ಎಂದು ಅನ್ನ ಕಲಸಿಕೊಂಡೇ ಹೇಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸೋಮವಾರ ಕಂಪನಿಗೆ ಹೋದರೆ ಇನ್ನೂ ಮೂರು ಡೈರಿಗಳಿಂದ ದೂರು ಬಂದಿತ್ತು. ಎಲ್ಲ ಕಡೆಯೂ ಸಾಲಿನಲ್ಲಿ ಕಟ್ಟಕಡೆಯವರ ಹಾಲಿಗೇ ನೀರು. ಅಷ್ಟು ಕೇಳುತ್ತಿದ್ದ ಹಾಗೇ ತಪ್ಪು ನಮ್ಮ ಪೆಟ್ಟಿಗೆಯದೇ ಎಂದು ಹೊಳೆಯಿತು. ಕಡೆಯವರ ಹಾಲು ಅಳೆದಾದ ಕೂಡಲೇ ಯಂತ್ರಕ್ಕೆ ನೀರು ಬಿಟ್ಟು ತೊಳೆಯುತ್ತಾರೆ. ಆ ತೊಳೆದ ನೀರನ್ನೂ ಯಂತ್ರ ಅಳೆದು ಲೆಕ್ಕ ಕಳಿಸುತ್ತದೆ. ನಮ್ಮ ಮರಿಸಿದ್ದಯ್ಯಣ್ಣನಿಗೆ ಮಳವಳ್ಳಿ ಬಸ್ಸು ಹಿಡಿಯುವ ಅವಸರ ಬೇರೆ. ಬೆಳ್ಳತ್ತೆಯ ಹಾಲಿನ ಲೆಕ್ಕ ಪರದೆಗೆ ಬರುವುದರೊಳಗೇ ತೊಳೆಯಲು ಶುರು ಮಾಡುತ್ತಿದ್ದ. ಯಂತ್ರ ಒಂದು ಸಲಕ್ಕೆ ಕಳಿಸುವ ಲೆಕ್ಕದ ಕಟ್ಟಿಗೆ ಪ್ಯಾಕೆಟ್ಟು ಎನ್ನುತ್ತೇವೆ; ಒಬ್ಬರ ಪ್ಯಾಕೆಟ್ಟು ಕೂತಿದ್ದ ಮೆಮೊರಿಯ ಮೇಲೇ ಇನ್ನೊಂದು ಪ್ಯಾಕೆಟ್ಟು ಬಂದು ಕೂರುತ್ತಿದೆ. ತೊಳೆದ ನೀರಿನ ಪ್ಯಾಕೆಟ್ಟು ಚಿಕ್ಕದು, ಹಾಗಾಗಿ ಬೆಳ್ಳತ್ತೆಯ ಲೆಕ್ಕದ ಮೊದಲರ್ಧವನ್ನು ಮಾತ್ರ ಅಳಿಸಿತ್ತು, ಅದಕ್ಕೇ ಪರದೆಯಲ್ಲಿ ಅರ್ಧಕ್ಕರ್ಧ ನೀರು.

ಎಲ್ಲಿ ಎಂದು ಹುಡುಕಲು ಮಂಗಳವಾರ ಸಂಜೆಯಾಯಿತು. ಕರ್ನಲ್ಲಿನಲ್ಲಿ ಒಂದು ಕಟ್ಟುಪಾಡಿದೆ. ಮೆಮೊರಿಯ ಒಂದು ತುಂಡನ್ನು ಬಳಸುವವರು ಮೊದಲು 'ಹಿಡಿದಿದ್ದೇನೆ' ಎಂದು ತಿಳಿಸಬೇಕು, ಆಗ ಎಣಿಕೆ ಒಂದು ಏರುತ್ತದೆ. ಕೆಲಸ ಮುಗಿದ ಮೇಲೆ 'ಇಟ್ಟೆ' ಎನ್ನಬೇಕು, ಒಂದು ಇಳಿಯುತ್ತದೆ. ಸೊನ್ನೆಗೆ ಇಳಿದರೆ ಯಾರ ಕೈಯಲ್ಲೂ ಇಲ್ಲವೆಂದು ಕರ್ನಲ್ಲು ಆ ತುಂಡನ್ನು ಮುಂದಿನ ಪ್ಯಾಕೆಟ್ಟಿಗೆ ಕೊಟ್ಟುಬಿಡುತ್ತದೆ. ಇಂಗ್ಲಿಷಿನಲ್ಲಿ ಒಂದು ಹೋಲ್ಡ್, ಇನ್ನೊಂದು ಪುಟ್. ಹೋಲ್ಡ್ ಇರಬೇಕಾದ ಒಂದು ಕಡೆ ಪುಟ್ ಇತ್ತು. ಬೆಳ್ಳತ್ತೆಯ ಲೆಕ್ಕವನ್ನು ಇನ್ನೂ ಓದುತ್ತಿರುವಾಗಲೇ ಅದರ ಜಾಗ ಕೈಬಿಟ್ಟು ಹೋಗಿತ್ತು.

ಆ ಸಾಲು ಬರೆದವನು ಅಭಿನವ್. ಅವನ ಹೆಸರು ಕಂಡಾಗ ನನಗೆ ಸಂತೋಷವಾಯಿತು. ಹೌದು, ಸಂತೋಷ, ಸುಳ್ಳು ಹೇಳಿ ಏನು ಮಾಡಲಿ. ಅಭಿನವ್ ಮದ್ದೂರಿನ ಅಯ್ಯಂಗಾರರ ಮನೆಯವನು, ನನಗಿಂತ ಎರಡು ವರ್ಷ ಚಿಕ್ಕವನು, ಬೀದಿಯ ನಾಯಿಗೂ ಬಹುವಚನ ಹಚ್ಚುವ ಪೈಕಿ. ಯಜಮಾನರಾದ ಸಂಪತ್ ಕುಮಾರರ ಎದುರಿಗೆ, ಮಿಕ್ಕವರೆಲ್ಲ ಕೇಳುವ ಹಾಗೆ, ಅವನನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡೆ. ಒಂದು ಮನೆ ಮುರಿದಿದೆ ಗೊತ್ತಾ ನಿಮಗೆ ಎಂದೂ ಕೇಳಿದೆ. ಅವನ ಮುಖ ಕೆಂಪಾಯಿತು. ತನ್ನ ಕುರ್ಚಿಗೆ ಹೋಗಿ ಕೂತ. ಸ್ವಲ್ಪ ಹೊತ್ತಿನ ಮೇಲೆ ನನಗೊಬ್ಬಳಿಗೇ ಒಂದು ಹಳೆಯ ಪುಟ ಕಳಿಸಿದ.

ಆ ಸಾಲಿನ ಜೊತೆ ಅವತ್ತು ಅವನು ಬರೆದಿದ್ದ ಟಿಪ್ಪಣಿ ಅದು. 'ಮಂಜುಶ್ರೀ ಅವರು ಫೋನಿನಲ್ಲಿ ಇಲ್ಲಿ ಇಡಿ ಎಂದರು, ಹಾಗೇ ಪುಟ್ ಹಾಕಿದ್ದೇನೆ. ಆದರೆ ಇಲ್ಲಿ ಹೋಲ್ಡ್ ಇರಬೇಕಲ್ಲವೇ ಎಂದು ಅನುಮಾನ. ದಯವಿಟ್ಟು ನೋಡಿ ಹೇಳಿ.' ಅದರ ಕೆಳಗೆ, ನಾಲ್ಕು ನಿಮಿಷದ ನಂತರ, ನಾನು: 'ಓದಿದ್ದೇನೆ, ಸರಿಯಿದೆ.'

ನಾನು ಓದಿರಲಿಲ್ಲ.

ಆ ಫೋನು ನೆನಪಾಯಿತು. ಕೋಡಿನ ವಿಷಯವನ್ನು ಕನ್ನಡದಲ್ಲೇ ಮಾತಾಡುವುದು ನಮ್ಮಿಬ್ಬರ ಒಂದು ಹುಚ್ಚು. ಹೋಲ್ಡಿಗೆ ಹಿಡಿ, ಪುಟ್ಟಿಗೆ ಇಡು. ನಾನು ಮದ್ದೂರಿನಿಂದ ಮಳವಳ್ಳಿ ಬಸ್ಸು ಹತ್ತಿದ್ದೆ, ಪಕ್ಕದಲ್ಲಿ ನಮ್ಮೂರ ಹೆಂಗಸರು, ಒಂದೇ ಗದ್ದಲ. ಕಾಲೇಜಿನಲ್ಲಿ ಎಲ್ಲರೂ ನಕ್ಕು ನಕ್ಕು ನನಗೆ ಹಕಾರ ಕಲಿಸಿದ್ದರು. ಊರಿನವರ ನಡುವೆ ಕೂತರೆ ಅದು ತಾನಾಗಿ ಉದುರಿಹೋಗುತ್ತದೆ. ಅಲ್ಲಿ ಹಿಡಿ ಎನ್ನಲು ಹೋಗಿ "ಅಲ್ಲಿ ಇಡಿ" ಎಂದಿದ್ದೆ. ಕೆಲಸದ ಅವಸರದಲ್ಲಿ ಏಕವಚನ ನನ್ನದು. ಅವನ ಮನೆಯಲ್ಲಿ ತಟ್ಟೆ ಇಡಿ, ಮಣೆ ಇಡಿ ಎಂದು ಮಾತು. ಮಂಜುಶ್ರೀ ಅವರು ಬಹುವಚನದಲ್ಲಿ ಇಡಿ ಎನ್ನುತ್ತಿದ್ದಾರೆ ಎಂದುಕೊಂಡ. ನಾನು ಹಿಡಿ ಎಂದೆ, ಅವನು ಇಟ್ಟ.

ಈಗಲಾದರೂ ಎದ್ದು ಹೋಗಿ ಕ್ಷಮಿಸಪ್ಪಾ ಎನ್ನಬಹುದಿತ್ತು. ಎನ್ನಲಿಲ್ಲ. ಫೋನಿನಲ್ಲಿ ಸರಿಯಾಗಿ ಕೇಳಿಸಿಲ್ಲ, ಬಸ್ಸಿನ ಗದ್ದಲ ಎಂದು ಸಂಪತ್ ಕುಮಾರರಿಗೆ ಹೇಳಿದೆ. ಯಾರಿಗೆ ಕೇಳಿಸಿಲ್ಲ, ಅದನ್ನು ಹೇಳಲಿಲ್ಲ. ಗೂಬೆ ಅಭಿನವನ ತಲೆಯ ಮೇಲೇ ಕೂತಿರಲು ಬಿಟ್ಟೆ. ಆ ಪುಟವನ್ನು ಅವನು ಯಾರಿಗಾದರೂ ತೋರಿಸಬಹುದಿತ್ತು, ತೋರಿಸಲಿಲ್ಲ. ಮರುದಿನ ಮಧ್ಯಾಹ್ನ ಎಂದಿನಂತೆ 'ಕಾಫಿ ಕುಡೀತೀರಾ' ಎಂದು ಕೇಳಿದ. ನನಗೆ ಬೇಡ, ಹೊಟ್ಟೆ ಸರಿಯಿಲ್ಲ ಎಂದೆ.

ತಿದ್ದಿದ್ದು ಎರಡು ಸಾಲು. ಪುಟ್ ತೆಗೆದು ಹೋಲ್ಡ್ ಹಾಕಿದೆ, ಓದಿ ಮುಗಿದ ಮೇಲೆ ಇಡುವ ಹಾಗೆ ಮಾಡಿದೆ. ಬುಧವಾರ ಇಡೀ ದಿನ ಸಾವಿರಾರು ಪ್ಯಾಕೆಟ್ಟುಗಳನ್ನು ಒಂದರ ಬೆನ್ನಿಗೊಂದು ಬಿಟ್ಟು ನೋಡಿದೆ, ಒಂದೂ ಇನ್ನೊಂದರ ಮೇಲೆ ಕೂರಲಿಲ್ಲ. ಯಾಕೆ ತಿದ್ದಿದ್ದು ಎಂಬ ಜಾಗದಲ್ಲಿ 'ತಪ್ಪು ತಿಳುವಳಿಕೆ' ಎಂದು ಬರೆದು ಮುಗಿಸಿದೆ. ಗುರುವಾರ ನಮ್ಮೂರ ಪೆಟ್ಟಿಗೆಗೂ ಅದು ಬಂತು. ಬೆಳ್ಳತ್ತೆಯ ಹಾಲಿಗೆ ನೀರು ಸೊನ್ನೆ ಎಂದು ತೋರಿಸಿತು. ಮಿಸಿನ್‌ಗೇನೋ ಆಗಿತ್ತು ಅಷ್ಟೇ, ಬುಡಿ ಅತ್ತಾಗೆ ಎಂದ ಮರಿಸಿದ್ದಯ್ಯಣ್ಣ. ಸಾಲಿನವರು ತಲೆಯಾಡಿಸಿದರು. ಒಬ್ಬರಾದರೂ ನನ್ನ ಕಡೆ ನೋಡುತ್ತಾರೇನೋ ಎಂದು ಹೆದರಿ ನಿಂತಿದ್ದೆ, ಯಾರೂ ನೋಡಲಿಲ್ಲ. ಬೆಳ್ಳತ್ತೆ ಖಾಲಿ ಕ್ಯಾನು ತಗೊಂಡು ನಾಲೆಯ ಕಡೆ ಹೋದಳು. ಈಗ ಹಾಲು ಕರೆಯುವುದೂ ಅವಳೇ, ಬೆರಳೆಲ್ಲ ಊದಿಕೊಂಡಿದ್ದವು. ಬಚಾವಾದೆ ಎಂದು ಮನೆಗೆ ಬಂದೆ. ತಿಂಡಿಗೆ ಕೂತರೆ ಆ ಊದಿದ ಬೆರಳುಗಳೇ ಕಣ್ಣ ಮುಂದೆ.

ಭಾನುವಾರ ಬಂಡೂರಿಗೆ ಹೋದೆ. ಧೈರ್ಯದಿಂದ ಹೋದೆ ಎಂದು ತಿಳಿಯಬೇಡಿ. ಊರಿನವರ ಎದುರು ಹೇಳುವುದಕ್ಕಿಂತ ಒಬ್ಬ ಹುಡುಗಿಯ ಎದುರು ಹೇಳುವುದು ಸಲೀಸು ಎಂದು ಹೋದೆ. ಮೋಹಿನಿ ಹಟ್ಟಿಯ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಮೊಣಕೈ ಹತ್ತಿರ ಬಾಸುಂಡೆ ಇನ್ನೂ ಹಸಿರುಗಟ್ಟಿತ್ತು. ನಾನು ಎಲ್ಲ ಹೇಳಿದೆ, ಹಿಡಿ, ಇಡಿ, ಓದದೆ ಹಾಕಿದ ಹೆಸರು, ಎಲ್ಲ. ಅವಳು ಸೊಪ್ಪು ಕಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಅತ್ತರೂ ಆಗುತ್ತಿತ್ತು, ಬೈದರೂ ಆಗುತ್ತಿತ್ತು.

"ನಂಗ್ಯಾಕಕ್ಕ ಏಳ್ತೀರಿ?" ಎಂದಳು ಕೊನೆಗೆ. "ನಾನ್ ನೀರ್ ಬೆರಸ್ಲಿಲ್ಲ ಅಂತ ನಂಗ್ ಮೊದ್ಲೇ ಗೊತ್ತು. ಗೊತ್ತಿಲ್ದೋರ್ ಊರ್ನಲ್ಲವ್ರೆ, ಅವ್ರ್ ಮುಂದೋಗ್ ಏಳಿ."

ಒಳಗೆ ಬನ್ನಿ ಎಂದೂ ಕರೆಯಲಿಲ್ಲ. ಸರಿಯಾಗೇ ಮಾಡಿದಳು.

ಹಿಂದಿರುಗುವ ಬಸ್ಸಿನಲ್ಲೇ ಸಂಪತ್ ಕುಮಾರರಿಗೂ ಅಭಿನವ್‌ಗೂ ಮಿಕ್ಕ ನಾಲ್ವರಿಗೂ ಒಟ್ಟಿಗೆ ಬರೆದೆ. ಅಭಿನವ್ ಅನುಮಾನಪಟ್ಟು ಬರೆದು ಕೇಳಿದ್ದರು, ನಾನು ಓದದೆ ಹೆಸರು ಹಾಕಿದೆ, ಮೇಲಿಂದ ಅವರನ್ನೇ ಬೈದೆ ಎಂದು. 'ತಪ್ಪು ತಿಳುವಳಿಕೆ' ಎಂದಿದ್ದ ಜಾಗದಲ್ಲೂ ಅದನ್ನೇ ಹಾಕಿದೆ. ಮುಂದೆ ಯಾರು ಆ ಕೋಡು ಓದಿದರೂ ಅದನ್ನು ಓದುತ್ತಾರೆ. ಓದಲಿ.

ಸೋಮವಾರ ಬೆಳಿಗ್ಗೆ ಡೈರಿಗೆ ಹೋಗಿ, ನಮ್ಮ ಹಾಲು ಹಾಕಿಯಾದ ಮೇಲೂ ಪಕ್ಕದಲ್ಲಿ ನಿಂತೆ. ಯಾರೂ ಹೋಗಬೇಡಿ, ಒಂದು ಮಾತಿದೆ ಎಂದೆ. ಬೆಳ್ಳತ್ತೆ ಬಂದು ಕ್ಯಾನು ಇಳಿಸುವವರೆಗೂ ಕಾದೆ. ಮೋಹಿನಿ ನೀರು ಬೆರೆಸಲಿಲ್ಲ, ಪೆಟ್ಟಿಗೆ ಸುಳ್ಳು ಹೇಳಿತು, ಅದು ಸುಳ್ಳು ಹೇಳುವ ಹಾಗೆ ಮಾಡಿದವಳು ನಾನು ಎಂದೆ. ಹೇಗೆ ಎಂದು ಚಿಕ್ಕಬೋರಯ್ಯತಾತ ಸಾಲಿನಿಂದಲೇ ಕೇಳಿದ. ಹಿಡಿ ಅನ್ನುವ ಕಡೆ ಇಡಿ ಅಂದೆ ತಾತ ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಅಲ್ಲಿ ಇದ್ದವರಿಗೆಲ್ಲ ಎರಡೂ ಒಂದೇ ಥರ ಕೇಳಿಸುತ್ತದೆ.

"ನಾವೆಲ್ಲ ಅಂಗೇ ಅನ್ನದು ಕಣವ್ವ, ಅದ್ರಲ್ ನಿಂದೇನ್ ತಪ್ಪು?" ಎಂದ ಮರಿಸಿದ್ದಯ್ಯಣ್ಣ, ನನ್ನ ಮೇಲಿನ ಅಕ್ಕರೆಯಿಂದ.

ಆ ಮಾತಿನ ಮರೆಗೆ ಸರಿದು ನಿಂತುಬಿಡಬೇಕು ಅನ್ನಿಸಿದ್ದು ನಿಜ. ಅಷ್ಟು ದಿನ ನಾನೂ ಒಳಗೊಳಗೇ ನನ್ನ ನಾಲಿಗೆಯನ್ನೇ, ನಮ್ಮೂರ ಮಾತನ್ನೇ ಬೈದುಕೊಂಡಿದ್ದೆ. ಅದು ತಪ್ಪಲ್ಲ ಅಣ್ಣ ಎಂದೆ. ಬರೆದ ಹುಡುಗನಿಗೆ ಅನುಮಾನ ಬಂದಿತ್ತು, ಸರೀನಾ ನೋಡಿ ಅಂತ ಬರೆದು ಕೇಳಿದ್ದ. ನಾನು ನೋಡದೆಯೇ ನೋಡಿದ್ದೇನೆ ಅಂತ ಸೈ ಹಾಕಿದೆ. ಅದು ಗೊತ್ತಾಗಿ ಎರಡು ಸಾಲು ತಿದ್ದಿಕೊಂಡೆ, ಆದರೂ ಆರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇಷ್ಟು ಹೇಳುವಾಗ ಎಲ್ಲರ ಎದುರು ಅತ್ತುಬಿಟ್ಟೆ. ಯಾರೂ ಸಮಾಧಾನ ಮಾಡಲಿಲ್ಲ.

ಬೆಳ್ಳತ್ತೆ ಕ್ಯಾನಿನ ಮುಚ್ಚಳ ನೋಡುತ್ತಾ ನಿಂತಿದ್ದಳು. ಉಗಿಯುತ್ತಾಳೆ, ಉಗಿಯಲಿ, ಆಗ ಸ್ವಲ್ಪ ಹಗುರಾದೀತು ಎಂದು ಕಾದೆ. ಅವಳು ತಲೆಯೆತ್ತಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ.

"ನೀನ್ ಓದ್ದೆ ಸೈ ಆಕ್ದೆ," ಎಂದಳು. "ನಾನ್ ಕೇಳ್ದೆ ಒಡ್ದೆ. ನಿಂದು ಎಲ್ಡ್ ಸಾಲು, ತಿದ್ಕಂಡೆ. ನಂದ ಎಲ್ಲಿಂದ ತಿದ್ದನವ್ವ?"

ಅವಳು ಹಾಲು ಸುರಿಯಲಿಲ್ಲ. ಕ್ಯಾನನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಂಡೂರಿನ ಕಡೆ ಬಸ್ಸು ಎಷ್ಟೊತ್ತಿಗೆ ಎಂದು ಮರಿಸಿದ್ದಯ್ಯಣ್ಣನನ್ನು ಕೇಳಿದಳು. ನಾನೂ ಬತ್ತೀನಿ ಅತ್ತೆ ಎಂದೆ. ಬ್ಯಾಡ, ಒಡ್ದೋಳು ನಾನು ಎಂದು ಒಬ್ಬಳೇ ರಸ್ತೆಗೆ ಇಳಿದಳು.